ಚಿಕ್ಕ ಯಜಮಾನರ ಹೆಸರಿನ ಸಾಕೆಟ್

ಊದುಬತ್ತಿ ಕಾರ್ಖಾನೆಯವರು ನನ್ನನ್ನು ಕರೆಸಿಕೊಂಡದ್ದು ತಮ್ಮ ಘಮವನ್ನು ಕಾದುಕೊಡಲಿ ಎಂದು. ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷವಾಗಿದ್ದ ಕಾಲ. ನಾನಾಗ ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಹಿನಕಲ್‌ನಲ್ಲಿ ಬಾಡಿಗೆ ಮನೆ, ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ಭಾನುವಾರ ನನಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಊರಿನ ಸಣ್ಣಪುಟ್ಟ ಅಂಗಡಿ, ಕಚೇರಿಗಳಿಗೆ ಹೋಗಿ ಅವರ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಕೊಟ್ಟು ಬರುತ್ತಿದ್ದೆ. ಹಾಗೆ ಒಬ್ಬರಿಂದ ಒಬ್ಬರಿಗೆ ನನ್ನ ಹೆಸರು ದಾಟಿ ಮಂಡಿ ಮೊಹಲ್ಲಾದ ಆ ಮನೆಗೂ ತಲುಪಿತ್ತು.

ಮುಂದೆ ಅಂಗಡಿ, ನಡುವೆ ಹೆಂಗಸರು ಸಾಲಾಗಿ ಕೂತು ಬತ್ತಿ ಹೊಸೆಯುವ ಉದ್ದನೆಯ ಹಜಾರ, ಅದರ ಹಿಂದೆ ಮನೆ. ಯಜಮಾನರು ಇಬ್ಬರು, ಅಣ್ಣ ಮತ್ತು ತಮ್ಮ. ಎಲ್ಲರೂ ಅವರನ್ನು ದೊಡ್ಡ ಯಜಮಾನರು, ಚಿಕ್ಕ ಯಜಮಾನರು ಎಂದು ಕರೆಯುತ್ತಿದ್ದರು. ಹಣೆಯ ಮೇಲೆ ಅಗಲವಾಗಿ ವಿಭೂತಿ ಬಳಿದುಕೊಳ್ಳುತ್ತಿದ್ದ ದೊಡ್ಡವರದು ವ್ಯಾಪಾರ, ಲೆಕ್ಕ, ಊರೂರು ಸುತ್ತಾಟ. ಚಿಕ್ಕವರದು ಮೂಗಿನ ಕೆಲಸ. ಯಾವ ಎಣ್ಣೆಗೆ ಯಾವುದು ಎಷ್ಟು ಸೇರಬೇಕು, ಯಾವ ಗಂಧಕ್ಕೆ ಹಾಲ್ಮಡ್ಡಿ ಮರದ ಅಂಟು ಎಷ್ಟು ಹಿಡಿಯುತ್ತದೆ ಎಂಬುದನ್ನೆಲ್ಲ ತೀರಿಕೊಂಡ ಅಪ್ಪ ಇಬ್ಬರು ಮಕ್ಕಳಿಗೂ ಹೇಳಿಕೊಟ್ಟಿದ್ದರಂತೆ. ಕೈಗೆ ಹತ್ತಿದ್ದು ಮಾತ್ರ ಚಿಕ್ಕವರಿಗೆ. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಇಟ್ಟವರೂ ಅವರೇ. ಇಬ್ಬರ ತಾಯಿ ಇನ್ನೂ ಗಟ್ಟಿಯಾಗಿದ್ದರು. ಹಜಾರದ ಬಾಗಿಲಲ್ಲಿ ಒಂದು ಮಣೆ ಹಾಕಿಕೊಂಡು ಕೂತಿರುತ್ತಿದ್ದರು.

ಮೊದಲ ದಿನ ದೊಡ್ಡವರು ನನ್ನ ಮುಂದೆ ಎರಡು ಬತ್ತಿ ಹಚ್ಚಿದರು. ಒಂದು ಅವರದು. ಇನ್ನೊಂದು, ಹೊಸದಾಗಿ ಪೇಟೆಗೆ ಬಂದ ಬೇರೆ ಯಾರದೋ.

"ವ್ಯತ್ಯಾಸ ಗೊತ್ತಾಗುತ್ತಾ ಮೇಡಂ?"

ನನಗೆ ಗೊತ್ತಾಗಲಿಲ್ಲ.

"ನಂಗೂ ಗೊತ್ತಾಗಲ್ಲ ಕಣ್ರೀ. ಅದೇ ತೊಂದ್ರೆ. ನಮ್ಮಪ್ಪನ ಫಾರ್ಮುಲಾ ಅದು. ಹೆಂಗೋ ಆಚೆ ಹೋಗಿದೆ. ಇನ್ಮುಂದೆ ಹೋಗ್ಬಾರ್ದು."

ಚಿಕ್ಕವರು ಪಕ್ಕದಲ್ಲೇ ನಿಂತಿದ್ದರು. ಎರಡನೆಯ ಬತ್ತಿಯ ಹೊಗೆಯನ್ನು ಅಂಗೈಯಿಂದ ಮುಖದ ಕಡೆಗೆ ತಳ್ಳಿಕೊಂಡು, "ಪೂರ್ತಿ ನಮ್ದಲ್ಲ ಅಣ್ಣ, ಕೊನೇಲಿ ಸ್ವಲ್ಪ ಕಹಿ ಬರುತ್ತೆ" ಎಂದರು. ದೊಡ್ಡವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ನಾನು ಮಾಡಿಕೊಟ್ಟ ಏರ್ಪಾಡನ್ನು ಇಲ್ಲಿ ಸ್ವಲ್ಪ ವಿವರಿಸಲೇಬೇಕು. ಕಂಪ್ಯೂಟರಿನಲ್ಲಿ ನಡೆಯುವ ಯಾವ ಪ್ರೋಗ್ರಾಮಾದರೂ ಇನ್ನೊಂದು ಕಂಪ್ಯೂಟರಿನ ಜೊತೆ ಮಾತಾಡಬೇಕೆಂದರೆ ಮೊದಲು ಕರ್ನೆಲ್‌ನಿಂದ ಒಂದು ಬಾಗಿಲನ್ನು ಕೇಳಿ ಪಡೆಯಬೇಕು. ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ತಿರುಳು. ಮಿಕ್ಕೆಲ್ಲವೂ ಅದರ ಕೈಕೆಳಗೆ. ಅದು ಕೊಡುವ ಬಾಗಿಲಿಗೆ ಸಾಕೆಟ್ ಎನ್ನುತ್ತಾರೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಆಗತಾನೇ ಈ ಸಾಕೆಟ್‌ಗಳಿಗೆಲ್ಲ ಲೇಬಲ್ ಹಚ್ಚುವ ಅನುಕೂಲ ಪಕ್ವವಾಗುತ್ತಿತ್ತು. ಯಾವ ಪ್ರೋಗ್ರಾಂ ಬಾಗಿಲು ಕೇಳಿತೋ ಅದರ ಲೇಬಲ್ಲೇ ಬಾಗಿಲಿಗೂ ಬರುತ್ತದೆ. ಆ ಬಾಗಿಲಿನಿಂದ ಹೊರಡುವ ಮಾತು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ನಾವು ಮೊದಲೇ ನಿಯಮ ಬರೆದಿಟ್ಟರೆ ಕರ್ನೆಲ್ ಪ್ರತಿಸಲವೂ ಲೇಬಲ್ ನೋಡಿಯೇ ಬಿಡುತ್ತದೆ. ಬಿಡದಿದ್ದರೆ, ಯಾರ ಲಾಗಿನ್, ಯಾವ ಪ್ರೋಗ್ರಾಂ, ಎತ್ತ ಹೊರಟಿತ್ತು ಎಂದು ಒಂದು ಸಾಲು ಬರೆದಿಡುತ್ತದೆ.

ನಾನು ಎರಡೇ ಲೇಬಲ್ ಮಾಡಿದೆ. ಫಾರ್ಮುಲಾ ಇರುವ ಕಂಪ್ಯೂಟರಿನದು 'ಒಳಮನೆ'. ವ್ಯಾಪಾರದ ಕಂಪ್ಯೂಟರಿನದು 'ಅಂಗಡಿ'. ಅಂಗಡಿಯಿಂದ ಕಡತಗಳು ಒಳಮನೆಗೆ ಬರಬಹುದು, ಒಳಮನೆಯಿಂದ ಏನೂ ಆಚೆ ಹೋಗಕೂಡದು. ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ಇಷ್ಟನ್ನು ಹೇಳಿದಾಗ ಚಿಕ್ಕವರು ಜೋರಾಗಿ ನಕ್ಕರು.

"ಸರಿಯಾಗಿ ನಮ್ಮವ್ವನ ಥರ. ಏನು ತಂದ್ಕೊಟ್ರೂ ಒಳಗಿಡ್ತಾಳೆ, ಆಚೆ ಒಂದೂ ತೆಗಿಯಲ್ಲ."

"ಎಂಗೆ ತೆಗೀಲಿ? ತೆಗ್ದಿದ್ರೆ ನೀವಿಬ್ರೂ ತಿಂದು ಖಾಲಿ ಮಾಡ್ಬುಡೋರು" ಎಂದು ಬಾಗಿಲಿನಿಂದ ತಾಯಿ ಕೂಗಿದರು.

ಆ ಕೆಲಸಕ್ಕೆ ಬಹಳ ಭಾನುವಾರಗಳು ಹಿಡಿದವು. ನಿಯಮ ಸ್ವಲ್ಪ ಬಿಗಿಯಾದರೆ ಪ್ರಿಂಟರ್ ನಿಲ್ಲುತ್ತಿತ್ತು, ಸ್ವಲ್ಪ ಸಡಿಲವಾದರೆ ಏನು ಬೇಕಾದರೂ ನುಸುಳುತ್ತಿತ್ತು. ದೊಡ್ಡವರು ಅಷ್ಟಾಗಿ ಆ ಕೋಣೆಗೆ ಬರುತ್ತಿರಲಿಲ್ಲ. ಚಿಕ್ಕವರೇ ಕಾಫಿ ತಂದುಕೊಟ್ಟು ಪಕ್ಕದ ಮೇಜಿನಲ್ಲಿ ತಮ್ಮ ಎಣ್ಣೆಗಳ ಮುಂದೆ ಕೂರುತ್ತಿದ್ದರು. ಒಮ್ಮೊಮ್ಮೆ ಕಾಗದದ ಪಟ್ಟಿಯನ್ನು ಅದ್ದಿ ನನ್ನ ಕಡೆ ಚಾಚಿ, "ಇದೇನು ಹೇಳಿ ನೋಡುವಾ" ಎನ್ನುತ್ತಿದ್ದರು. ನಾಲ್ಕಾರು ಮೂಸುವಷ್ಟರಲ್ಲಿ ನನಗೆ ಎಲ್ಲವೂ ಒಂದೇ ಆಗಿಬಿಡುತ್ತಿತ್ತು. "ಮೂಗು ಸುಸ್ತಾಗಿದೆ. ನಿಮ್ಮ ತೋಳನ್ನೇ ಒಂದ್ಸಲ ಮೂಸ್ಕೊಳಿ, ಸರಿಹೋಗುತ್ತೆ" ಎಂದು ಹೇಳಿಕೊಟ್ಟವರು ಅವರು. ನನ್ನ ಕೆಲಸದ ಬಗ್ಗೆ ಆ ಮನೆಯಲ್ಲಿ ಪ್ರಶ್ನೆ ಕೇಳುತ್ತಿದ್ದವರೂ ಅವರೊಬ್ಬರೇ. ನನ್ನ ಕಾಲೇಜಿನಲ್ಲೂ ಅಷ್ಟು ಆಸಕ್ತಿಯಿಂದ ಯಾರೂ ಕೇಳುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ದೊಡ್ಡವರು ನನ್ನನ್ನು ಅಂಗಡಿಯ ಮೂಲೆಗೆ ಕರೆದು, "ಯಾರಾದ್ರೂ ಕಳಿಸೋಕೆ ನೋಡಿದ್ರೆ ನಂಗೊಬ್ಬನಿಗೆ ಹೇಳಿ" ಎಂದಿದ್ದರು. ನಾನು ಆಗಲಿ ಎಂದಿದ್ದೆ. ಒಬ್ಬರಿಗೇ ಏಕೆ ಎಂದು ಕೇಳಬೇಕೆಂದು ಹೊಳೆಯಲಿಲ್ಲ.

ಕೆಲವು ತಿಂಗಳು ಏನೂ ಆಗಲಿಲ್ಲ. ನಾನು ಆಗಾಗ ಹೋಗಿ ಕರ್ನೆಲ್ ಬರೆದಿಟ್ಟ ಸಾಲುಗಳನ್ನು ನೋಡಿ ಬರುತ್ತಿದ್ದೆ. ತಡೆದದ್ದು ಒಂದೂ ಇರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬೇಸರವಾಗುತ್ತಿತ್ತು. ಅಷ್ಟು ಕಷ್ಟಪಟ್ಟು ಕಟ್ಟಿದ್ದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯುವುದೇ ಹೇಗೆ?

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಸಾಲುಗಟ್ಟಲೆ ತಡೆಗಳು. ಆ ವಾರದಲ್ಲಿ ಮತ್ತೆ ಮತ್ತೆ ಒಳಮನೆಯ ಲೇಬಲ್ ಹೊತ್ತ ಒಂದು ಸಾಕೆಟ್ ಹೊರಗಿನ ಯಾವುದೋ ವಿಳಾಸಕ್ಕೆ ಹೋಗಲು ನೋಡಿತ್ತು, ಪ್ರತಿಸಲವೂ ಕರ್ನೆಲ್ ಬಾಗಿಲು ಮುಚ್ಚಿತ್ತು. ಎಲ್ಲ ಸಾಲಿನಲ್ಲೂ ಒಂದೇ ಲಾಗಿನ್. ಚಿಕ್ಕ ಯಜಮಾನರದು.

ಆ ಕ್ಷಣ ನನಗೆ ಆದದ್ದು ಸಂತೋಷ. ಇದನ್ನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದರೂ ಬೇರೆ ಹೆಸರು ಕೊಡಲಾರೆ. ಎದೆ ಹಗುರಾಗಿ, ಕೂತಲ್ಲಿಂದ ಎದ್ದುಬಿಟ್ಟಿದ್ದೆ. ನಾನು ಬರೆದ ನಿಯಮ ಹಿಡಿದಿತ್ತು. ಯಾರನ್ನು ಹಿಡಿದಿತ್ತು ಎಂಬುದು ಆಮೇಲಿನ ಮಾತಾಗಿತ್ತು. ಸಾಲುಗಳನ್ನು ಪ್ರಿಂಟ್ ಮಾಡಿಕೊಂಡು ಹಜಾರ ದಾಟಿ ಅಂಗಡಿಗೆ ಹೆಚ್ಚುಕಡಿಮೆ ಓಡಿಕೊಂಡೇ ಹೋದೆ.

"ಸರ್, ಸಿಸ್ಟಮ್ ಕೆಲಸ ಮಾಡ್ತಿದೆ. ನೋಡಿ, ತಡೆದಿದೆ!"

ದೊಡ್ಡವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ತಿರುವಿ ನೋಡಿದರು. ಅವರಿಗೆ ಅದರಲ್ಲಿ ಏನೂ ತಿಳಿಯಲಿಲ್ಲ. "ಓದಿ ಹೇಳಿ" ಎಂದರು.

ನಾನು ಬೆರಳಿಟ್ಟು ಓದಿದೆ. ಪ್ರೋಗ್ರಾಮಿನ ಹೆಸರು, ಲೇಬಲ್ಲು, ಹೊರಗಿನ ವಿಳಾಸ, ಲಾಗಿನ್. ಲಾಗಿನ್ ಓದಿದಾಗ ಅವರು ಕೈಯೆತ್ತಿ ನಿಲ್ಲಿಸಿದರು.

"ನನ್ನ ತಮ್ಮನ್ದಾ?"

"ಹೌದು ಸರ್."

"ಬೇರೆ ಯಾರಾದ್ರೂ ಅವನ ಹೆಸರಲ್ಲಿ ಮಾಡಿರ್ಬಹುದಾ?"

"ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿರೋದು."

"ಅಂದ್ರೆ ಆಚೆ ಕಳಿಸೋಕೆ ನೋಡಿದ್ದಾನೆ."

ಇಲ್ಲಿ ನಾನು ನಿಲ್ಲಬೇಕಾಗಿತ್ತು. ಪ್ರೋಗ್ರಾಂ ಹೊರಗೆ ಹೋಗಲು ನೋಡುವುದು ಬೇರೆ, ಮನುಷ್ಯ ಕಳಿಸಲು ನೋಡುವುದು ಬೇರೆ. ಕ್ಲಾಸಿನಲ್ಲಿ ಇದನ್ನು ನಾನೇ ಹುಡುಗರಿಗೆ ಹೇಳುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ, "ಅವರ ಪ್ರೋಗ್ರಾಂ ಹೋಗೋಕೆ ನೋಡಿದೆ, ಒಂದೂ ಹೋಗಿಲ್ಲ ಸರ್, ಪೂರ್ತಿ ತಡೆದಿದೆ" ಎಂದೆ. ಒಂದೂ ಹೋಗಿಲ್ಲ ಎಂಬುದನ್ನು ಎರಡು ಸಲ ಒತ್ತಿ ಹೇಳಿದ ನೆನಪು. ಅವರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನ ಕೆಲಸವನ್ನು ಮೆಚ್ಚಿ ಒಂದು ಮಾತು ಆಡಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಪಿಚ್ಚೆನಿಸಿತು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ತರಕಾರಿ ಹೆಚ್ಚುತ್ತಿದ್ದರು.

"ಇವತ್ತು ನನ್ನ ಲೇಬಲ್ ಹಿಡೀತು ಕಣ್ರೀ."

"ಯಾರನ್ನ?"

ಹೇಳಿದೆ. ಅವರು ಹೆಚ್ಚುವುದನ್ನು ನಿಲ್ಲಿಸಿ, "ನಿಂಗೆ ಕಾಫಿ ತಂದ್ಕೊಡೋರು ಅಂತಿದ್ಯಲ್ಲ, ಅವರಾ?" ಎಂದರು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ರೇಗಿದೆ.

ಎರಡು ಮೂರು ದಿನ ಕಾಲೇಜಿನ ಕೆಲಸದಲ್ಲಿ ಕಳೆಯಿತು. ಆದರೂ ಆ ಹೊರಗಿನ ವಿಳಾಸ ತಲೆಯಲ್ಲಿ ಕೂತಿತ್ತು. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಹುಡುಗರು ತಮ್ಮ ಪಾಡಿಗೆ ಇದ್ದಾಗ ಅದು ಯಾರದೆಂದು ಹುಡುಕಿದೆ. ಉತ್ತರದ ಕಡೆಯ ಒಬ್ಬ ಎಣ್ಣೆ ವ್ಯಾಪಾರಿಯ ವೆಬ್‌ಸೈಟ್ ಸಿಕ್ಕಿತು. ಆ ವ್ಯಾಪಾರಿಯ ಹೆಸರು ನನಗೆ ಗೊತ್ತಿತ್ತು. ಅವನ ಡಬ್ಬಗಳು ಚಿಕ್ಕವರ ಮೇಜಿನ ಕೆಳಗೆ ಸಾಲಾಗಿ ಇರುತ್ತಿದ್ದವು. ಅಪ್ಪನ ಕಾಲದಿಂದಲೂ ಆ ಮನೆಗೆ ಮಲ್ಲಿಗೆ ಎಣ್ಣೆ ಅವನಿಂದಲೇ ಬರುತ್ತಿತ್ತು. ಫಾರ್ಮುಲಾ ಕದಿಯುವವನು ಅದನ್ನು ಎಣ್ಣೆ ಮಾರುವವನ ವೆಬ್‌ಸೈಟಿಗೆ ಕಳಿಸುತ್ತಾನೆಯೇ?

ಕ್ಲಾಸು ಬೇರೆಯವರಿಗೆ ಒಪ್ಪಿಸಿ ಸ್ಕೂಟರ್ ಹತ್ತಿ ಮಂಡಿ ಮೊಹಲ್ಲಾಕ್ಕೆ ಹೋದೆ. ಚಿಕ್ಕವರ ಮೇಜು ಖಾಲಿಯಿತ್ತು. ನಾನು ನನ್ನದೇ ಲಾಗಿನ್‌ನಲ್ಲಿ ಒಳಗೆ ಹೋಗಿ ಆ ವಾರ ಅವರು ತೆರೆದಿದ್ದ ಕಡತಗಳನ್ನು ಒಂದೊಂದಾಗಿ ತೆರೆದೆ. ಒಂದು, ಎಣ್ಣೆಗಳ ಬೆಲೆಪಟ್ಟಿ. ಅಂಗಡಿಯ ಕಂಪ್ಯೂಟರಿನಲ್ಲಿ ವ್ಯಾಪಾರಿಯ ವೆಬ್‌ಸೈಟಿನಿಂದ ಎತ್ತಿ ಅಂಟಿಸಿಕೊಂಡು ಒಳಮನೆಗೆ ತಂದದ್ದು. ಮೇಲ್ತುದಿಯಲ್ಲಿ ಚಿತ್ರ ಇರಬೇಕಾದ ಕಡೆ ಒಂದು ಖಾಲಿ ಚೌಕ. ಅಂಟಿಸುವಾಗ ಚಿತ್ರ ಬಂದಿರಲಿಲ್ಲ, ಚಿತ್ರ ಎಲ್ಲಿದೆ ಎಂಬ ವಿಳಾಸ ಮಾತ್ರ ಬಂದಿತ್ತು. ಕಡತ ತೆರೆದಾಗಲೆಲ್ಲ ಪ್ರೋಗ್ರಾಂ ತಾನೇ ಆ ಚಿತ್ರವನ್ನು ತರಲು ಹೊರಡುತ್ತಿತ್ತು. ಕರ್ನೆಲ್ ತಡೆಯುತ್ತಿತ್ತು. ಚಿಕ್ಕವರಿಗೆ ಇದು ಯಾವುದೂ ತಿಳಿಯುವ ಹಾಗಿರಲಿಲ್ಲ.

ನಾನು ಸಾಲುಗಳನ್ನು ನೋಡಿದೆ. ಹೊಸದೊಂದು ತಡೆ ಸೇರಿತ್ತು. ಅದೇ ಪ್ರೋಗ್ರಾಂ, ಅದೇ ಲೇಬಲ್, ಅದೇ ವಿಳಾಸ. ಲಾಗಿನ್ ಮಾತ್ರ ನನ್ನದು.

ದೊಡ್ಡವರು ಅಂಗಡಿಯಲ್ಲಿದ್ದರು. ನಾನು ಎಲ್ಲವನ್ನೂ ಹೇಳಿದೆ.

"ಅಂದ್ರೆ ಅವ್ನು ಏನೂ ಕಳಿಸ್ಲಿಲ್ಲ."

"ಇಲ್ಲ ಸರ್. ಬೆಲೆ ನೋಡೋಕೆ ಪಟ್ಟಿ ತೆಗೆದಿದ್ದಾರೆ, ಅಷ್ಟೇ."

"ನಾನು ಅನ್ನೋದೆಲ್ಲ ಅಂದ್ಬುಟ್ನಲ್ಲಮ್ಮ" ಎಂದರು. ಅವತ್ತು ಮೊದಲ ಸಲ ಮೇಡಂ ಬಿಟ್ಟು ಅಮ್ಮ ಎಂದದ್ದು. ಭಾನುವಾರ ಸಾಯಂಕಾಲವೇ, ಎಲ್ಲರೂ ಪೂಜೆಗೆ ಕೂತಿದ್ದಾಗ, ತಾಯಿಯ ಎದುರಿಗೇ ಹಾಳೆ ತೆಗೆದು ತಮ್ಮನ ಮುಂದೆ ಹಿಡಿದಿದ್ದರಂತೆ. ಅಪ್ಪನನ್ನು ಮಾರಿಕೊಂಡೆ ಎಂದಿದ್ದರಂತೆ. ತಮ್ಮ ಹಾಳೆಯನ್ನು ನೋಡಿ, "ಇದೇನು ಅಂತ್ಲೇ ನಂಗೆ ಗೊತ್ತಾಗ್ತಿಲ್ಲ" ಎಂದಿದ್ದರು. ದೊಡ್ಡವರಿಗೆ ಅದು ನಾಟಕದ ಹಾಗೆ ಕಂಡಿತ್ತು. ಮರುದಿನ ಬೆಳಿಗ್ಗೆ ಚಿಕ್ಕವರು ಹೆಂಡತಿಯನ್ನು ಕರೆದುಕೊಂಡು ನಂಜನಗೂಡಿನ ಮಾವನ ಮನೆಗೆ ಹೊರಟುಹೋಗಿದ್ದರು.

"ನೀವೇ ಬಂದು ಹೇಳಿ. ನಾನು ಹೇಳಿದ್ರೆ ನಂಬಲ್ಲ" ಎಂದು ದೊಡ್ಡವರು ಕಾರು ತೆಗೆದರು. ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಂಡಕಳ್ಳಿ ದಾಟಿದ ಮೇಲೆ ದೊಡ್ಡವರು, "ನೀವು ಅಷ್ಟು ಖಚಿತವಾಗಿ ಹೇಳಿದ್ರಿ" ಎಂದರು. ಬೈಗುಳದ ದನಿಯಲ್ಲಿ ಅಲ್ಲ, ತಮಗೆ ತಾವೇ ನೆನಪು ಮಾಡಿಕೊಳ್ಳುವ ಹಾಗೆ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ನಂಜನಗೂಡಿನ ಮನೆಯಲ್ಲಿ ಚಿಕ್ಕವರು ನಮ್ಮನ್ನು ಕೂರಿಸಿ ಕಾಫಿ ಕೊಡಿಸಿದರು. ನಾನು ವಿವರಿಸಿದೆ. ಖಾಲಿ ಚೌಕದ ವಿಷಯ ಬಂದಾಗ ಅವರಿಗೆ ಕೂಡಲೇ ತಿಳಿಯಿತು. "ಓ, ಅದು ಚಿತ್ರದ ಜಾಗಾನಾ! ಏನಪ್ಪಾ ಇದು ಅಂದ್ಕೊಂಡಿದ್ದೆ" ಎಂದರು. ಒಂದು ಗಳಿಗೆ ಹಳೆಯ ಆಸಕ್ತಿಯೇ ಮುಖದಲ್ಲಿ ಹಾದುಹೋಯಿತು. ಅಣ್ಣ ಎದ್ದು ಹತ್ತಿರ ಹೋಗಿ, "ನಡಿ ಮನೆಗೆ. ಅವ್ವ ಊಟ ಬಿಟ್ಟವ್ಳೆ" ಎಂದರು.

ಚಿಕ್ಕವರು ನೆಲ ನೋಡುತ್ತ, "ಮೇಡಂ ಮೇಲೆ ನಂಗೆ ಬೇಜಾರಿಲ್ಲ. ಅವ್ರು ಮಿಷನ್ ಹೇಳಿದ್ದು ಹೇಳಿದ್ರು. ನೀನು ಯಾಕಣ್ಣ ನನ್ನ ಒಂದು ಮಾತು ಕೇಳ್ಲಿಲ್ಲ? ಪಕ್ಕದ ಕೋಣೇಲೇ ಇದ್ನಲ್ಲ" ಎಂದರು.

ನಾನೂ ಆ ಭಾನುವಾರ ಅವರಿದ್ದ ಪಕ್ಕದ ಕೋಣೆಯ ಮುಂದೆಯೇ ಹಾದು ಅಂಗಡಿಗೆ ಓಡಿದ್ದೆ. ಬಾಗಿಲು ತೆರೆದಿತ್ತು. ತಲೆ ಹಾಕಿ, ಇದೇನು ಸರ್ ಎಂದು ಕೇಳಿದ್ದರೆ ಇಬ್ಬರೂ ಕೂತು ಕಾಫಿ ಮುಗಿಯುವಷ್ಟರಲ್ಲಿ ಕಂಡುಹಿಡಿದುಬಿಡುತ್ತಿದ್ದೆವು.

ಹೊರಡುವಾಗ ಚಿಕ್ಕವರ ಹೆಂಡತಿ ಅಂಗಳದವರೆಗೆ ಬಂದರು. ಸ್ಕೂಲಿನಲ್ಲಿ ಟೀಚರಾಗಿದ್ದವರು, ಮೆದು ಮಾತಿನವರು. ದೊಡ್ಡವರು ಕಾರಿನ ಕಡೆ ಹೋಗಿದ್ದರು.

"ನಮ್ಮನೆಯವರ ಹೆಸರು ಓದುವಾಗ ನಿಮಗೇನನ್ನಿಸ್ತು?" ಎಂದು ಕೇಳಿದರು.

"ಏನೂ ಅನ್ನಿಸಲಿಲ್ಲ. ನಾನು ಬರೀ ಓದಿದೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿ, ಹೋಗಿಬನ್ನಿ ಎಂದು ಒಳಗೆ ನಡೆದರು. ಇಡೀ ಪ್ರಸಂಗದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಅದನ್ನು ಸರಿಪಡಿಸಬೇಕೆಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ದೇವರಾಜ ಮಾರ್ಕೆಟ್ಟಿನಲ್ಲಿ ಒಮ್ಮೆ ಎದುರಿಗೇ ಸಿಕ್ಕಿದ್ದರು. ಬಾಳೆಹಣ್ಣು ಆರಿಸುತ್ತಿದ್ದರು. ಚೆನ್ನಾಗಿದ್ದೀರಾ ಎಂದೆ, ಚೆನ್ನಾಗಿದ್ದೀವಿ ಎಂದರು. ಅಷ್ಟೇ ಆಯಿತು.

ಚಿಕ್ಕವರು ಹಿಂತಿರುಗಲಿಲ್ಲ. ಜಗಳವಾಡಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಕಡಕೊಳದ ಕೈಗಾರಿಕೆಗಳ ಜಾಗದಲ್ಲಿ ಒಂದು ಶೆಡ್ ಹಿಡಿದು ತಮ್ಮದೇ ಬತ್ತಿ ಶುರು ಮಾಡಿದರು. ಅಪ್ಪನ ಫಾರ್ಮುಲಾ ಯಾವುದನ್ನೂ ಮುಟ್ಟುವುದಿಲ್ಲ ಎಂದು ಅವರೇ ಅಣ್ಣನಿಗೆ ಹೇಳಿಕಳಿಸಿದರು. ಹಾಗೆಯೇ ನಡೆದುಕೊಂಡರು ಕೂಡ. ಇತ್ತ ಮಂಡಿ ಮೊಹಲ್ಲಾದಲ್ಲಿ ಒಳಮನೆಯ ಕೋಣೆಗೆ ದೊಡ್ಡವರೊಬ್ಬರೇ ಹೋಗಿ ಬರುವಂತಾಯಿತು. ಮೂಗು ಅಷ್ಟು ಸೂಕ್ಷ್ಮವಿಲ್ಲದವರು ಹಾಳೆಯ ಲೆಕ್ಕ ನೋಡಿಕೊಂಡು ಎಣ್ಣೆ ಸುರಿಯುತ್ತಿದ್ದರು. ಬತ್ತಿ ಮಾರಾಟವೇನೋ ಆಗುತ್ತಿತ್ತು, ಹಳೆಯ ಗಿರಾಕಿಗಳು ಮಾತ್ರ ಏನೋ ಬದಲಾಗಿದೆ ಎನ್ನುತ್ತಿದ್ದರಂತೆ. ಪೇಟೆಗೆ ಬಂದಿದ್ದ ಆ ಇನ್ನೊಂದು ಬತ್ತಿಗೆ ಈ ಮನೆಯ ಘಮ ಹೇಗೆ ಹೋಯಿತು, ಹೋಗಿತ್ತೋ ಇಲ್ಲವೋ, ಕೊನೆಗೂ ತಿಳಿಯಲಿಲ್ಲ.

ನಾನು ಆ ಏರ್ಪಾಡನ್ನು ತೆಗೆದುಬಿಡಲೇ ಎಂದು ದೊಡ್ಡವರನ್ನು ಕೇಳಿದ್ದೆ. "ಬೇಡ, ಇರ್ಲಿ. ಅದೇನು ತಪ್ಪು ಮಾಡ್ತು?" ಎಂದರು. ಅದು ಹೌದು. ತಡೆಯಬೇಕಾದ್ದನ್ನು ಅದು ತಡೆದಿತ್ತು, ನಡೆದದ್ದನ್ನು ನಡೆದ ಹಾಗೆ ಬರೆದಿತ್ತು. ನನ್ನ ಗಂಡ ಕೂಡ, "ನೀನು ಇದ್ದದ್ದು ಇದ್ದ ಹಾಗೆ ಹೇಳಿದೆ, ಗೊತ್ತಾದ ತಕ್ಷಣ ಹೋಗಿ ಸರಿಮಾಡ್ದೆ. ಇನ್ನೇನು ಮಾಡ್ಬೇಕಿತ್ತು?" ಎಂದು ಸಮಾಧಾನ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಓಡಿಕೊಂಡು ಹೋದದ್ದನ್ನು ಅವರಿಗೆ ಹೇಳಿರಲಿಲ್ಲ.

ಮುಂದಿನ ವರ್ಷ ಚಿಕ್ಕವರೇ ಫೋನ್ ಮಾಡಿದರು. ಶೆಡ್ಡಿಗೆ ಕಂಪ್ಯೂಟರ್ ತಂದಿದ್ದೇವೆ, ಬಂದು ಜೋಡಿಸಿಕೊಡಿ ಎಂದು. ಬೇರೆ ಯಾರನ್ನಾದರೂ ಕಳಿಸುತ್ತೇನೆ ಎಂದೆ. "ಯಾಕೆ ಮೇಡಂ? ನೀವೇ ಬನ್ನಿ" ಎಂದರು.

ಹೋದೆ. ಶೆಡ್ಡಿನ ಒಂದು ಕಡೆ ಅವರ ಹೆಂಡತಿ ಕೆಲಸದ ಹೆಂಗಸರ ಜೊತೆ ಬತ್ತಿಗಳನ್ನು ಕಟ್ಟು ಕಟ್ಟುತ್ತಿದ್ದರು. ತಲೆಯೆತ್ತಿ ಒಂದು ಸಲ ನೋಡಿ ಮತ್ತೆ ಕೆಲಸಕ್ಕೆ ತಿರುಗಿದರು. ತಾಯಿಯೂ ಅವತ್ತು ಅಲ್ಲೇ ಇದ್ದರು. ವಾಸ ದೊಡ್ಡಮಗನ ಜೊತೆಯಾದರೂ ಆಗಾಗ ಬಸ್ಸು ಹತ್ತಿ ಕಡಕೊಳಕ್ಕೆ ಬರುತ್ತಿದ್ದರಂತೆ. ಲೇಬಲ್ ಗಿಬಲ್ ಏನಾದರೂ ಬೇಕೇ ಎಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ. ಚಿಕ್ಕವರೇ ಹೇಳಿದರು: "ಮಾಮೂಲಿ ಥರ ಹಾಕ್ಕೊಡಿ ಸಾಕು. ಇಲ್ಲಿ ಕಾಯೋಂಥದ್ದು ಇನ್ನೂ ಏನೂ ಆಗಿಲ್ಲ."

ಕೆಲಸ ಮುಗಿದು ಹೊರಟಾಗ ಬಿಸಿಲು ಇಳಿಯುತ್ತಿತ್ತು. ನಾನು ಅವತ್ತು ಗಂಡನ ಕಾರು ತಂದಿದ್ದೆ. ಅವ್ವನನ್ನು ಮಂಡಿ ಮೊಹಲ್ಲಾಕ್ಕೆ ಬಿಟ್ಟುಬಿಡಿ ಎಂದು ಚಿಕ್ಕವರು ಕೇಳಿದರು. ಅಜ್ಜಿ ಮುಂದಿನ ಸೀಟಿನಲ್ಲಿ ಸೆರಗು ಹೊದ್ದು ನೆಟ್ಟಗೆ ಕೂತರು. ರಸ್ತೆ ಸೇರಿದ ಮೇಲೆ ಕೇಳಿದರು:

"ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡ. ಆ ಮಿಷಿನ್ನು ಯಾರ ಕಡೆದವ್ವ? ದೊಡ್ಡೋನ್ದಾ, ಚಿಕ್ಕೋನ್ದಾ?"

"ಯಾರ ಕಡೆದೂ ಅಲ್ಲ ಅಜ್ಜಿ. ಅದಕ್ಕೆ ಎಲ್ಲರೂ ಒಂದೇ."

"ಅಂಗಾ" ಎಂದು ಸೆರಗು ಸರಿಮಾಡಿಕೊಂಡರು. "ಮನೆ ಅಂದ್ಮೇಲೆ ಯಾರಾದ್ರೂ ಒಬ್ರು ಚಿಕ್ಕೋನ ಕಡೆ ಇರ್ಬೇಕಾಗಿತ್ತು. ನಾನೂ ಅವತ್ತು ಬಾಯಿ ಬುಡ್ಲಿಲ್ಲ. ಕಾಗ್ದ ನೋಡಿ ಎದ್ರುಕೊಂಡ್ಬುಟ್ಟೆ."

ನಾನು ಏನಾದರೂ ಹೇಳಬೇಕಾಗಿತ್ತು. ಅಜ್ಜಿ, ಕಾಗದ ತಂದವಳು ನಾನು ಎಂದಾದರೂ. ಅವರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ತಮ್ಮ ಪಾಲನ್ನು ಮಾತ್ರ ಎತ್ತಿಕೊಂಡು ನನ್ನದನ್ನು ನನಗೇ ಬಿಟ್ಟಿದ್ದರು.

ಊರು ಹತ್ತಿರವಾದಾಗ ರಸ್ತೆ ಬದಿಯಲ್ಲಿ ಹೂವಿನವಳು ಕಂಡಳು. "ನಿಲ್ಸು, ನಿಲ್ಸು. ಸಂಜೆ ಪೂಜೆಗೆ ಹೂವಿಲ್ಲ" ಎಂದರು. ನಾನು ಗಾಡಿಯನ್ನು ಪಕ್ಕಕ್ಕೆ ಹಾಕಿದೆ. ಅವರು ನಿಧಾನವಾಗಿ ಇಳಿದು ಹೋಗಿ, ಕಾಕಡ ಬಾಡಿದೆ ಎಂದು ಹೂವಿನವಳ ಜೊತೆ ದೊಡ್ಡ ದನಿಯಲ್ಲಿ ಚೌಕಾಸಿಗೆ ನಿಂತರು.